ಮುಳ್ಳು ನೂರರ ಎಡಕ್ಕೆ

ಎಲ್ಲಕ್ಕೂ ಕಾರಣ ಒಂದು ಗುಂಡಿ. ಗೆಳೆಯ ಓಬ್ರೆನನ ಮಗಳ ಮದುವೆಯಲ್ಲಿ, ಹುರಿದ ಹಂದಿಮಾಂಸದ ಎರಡನೇ ಸುತ್ತು ಮುಗಿದು ಮೂರನೆಯದು ಬರುವ ಹೊತ್ತಿಗೆ, ಮಿಲೂತಿನನ ಪ್ಯಾಂಟಿನ ಗುಂಡಿ ಟಪ್ಪನೆ ಹಾರಿ ಎದುರಿಗೆ ಕೂತಿದ್ದ ರೂಜತ್ತೆಯ ಸೂಪಿನ ತಟ್ಟೆಗೆ ಬಿತ್ತು. ರೂಜತ್ತೆ ಅವನ ಕೆಳಗಿನ ಮನೆಯವಳು, ವಯಸ್ಸಾದವಳು. ಅವಳು ಅದನ್ನು ಚಮಚದಲ್ಲಿ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿ, "ಮೆಣಸಿನಕಾಳು ಇಷ್ಟು ದಪ್ಪ ಇರಲ್ಲವಲ್ಲ" ಎಂದಳು. ಇಡೀ ಮೇಜು ನಕ್ಕಿತು. ನಗದೆ ಕೂತವಳು ಒಬ್ಬಳೇ, ಮಿಲೂತಿನನ ಹೆಂಡತಿ ಗೊರ್ದಾನಾ.

ಮುಂದಿನ ವಾರವೇ ಮನೆಗೆ ಒಂದು ದೊಡ್ಡ ಡಬ್ಬಿ ಬಂತು. ಡಬ್ಬಿಯ ಮೇಲೆ ಅಂಗಿ ಹಾಕದ ಗಂಡಸೊಬ್ಬ ತನ್ನ ತೋಳನ್ನು ತಾನೇ ನೋಡಿಕೊಂಡು ಸಂತೋಷಪಡುತ್ತಿದ್ದ. ಒಳಗೆ ಪ್ರೋಟೀನ್ ಪುಡಿ. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ನೀರಿಗೆ ಹಾಕಿ ಕುಲುಕಿ ಕುಡಿಯಬೇಕು. ಮಧ್ಯಾಹ್ನ ಮಾಂಸ, ಮೊಟ್ಟೆ, ಚೀಸು, ಸೊಪ್ಪು. ಬ್ರೆಡ್ಡು, ಆಲೂಗಡ್ಡೆ, ಅಕ್ಕಿ, ಬೀನ್ಸ್, ಸಕ್ಕರೆ ಇವೆಲ್ಲ ಮನೆಯಿಂದ ಗಡೀಪಾರು. ಗೊರ್ದಾನಾ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಅಲ್ಲಿಗೆ ಬರುವ ಪತ್ರಿಕೆಗಳಲ್ಲಿ ಇದನ್ನೆಲ್ಲ ಓದಿಕೊಂಡಿದ್ದಳು. ಪುಡಿಗೆ ಬಾಳೆಹಣ್ಣಿನ ರುಚಿ ಇದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಸುಣ್ಣದ ನೀರಿಗೆ ಬಾಳೆಹಣ್ಣಿನ ಫೋಟೋ ತೋರಿಸಿದ ಹಾಗಿದೆ ಎಂದು ಮಿಲೂತಿನ್ ಮೊದಲ ದಿನವೇ ತೀರ್ಪು ಕೊಟ್ಟ.

ಅವನು ಆಲೂಗಡ್ಡೆಯ ಜೊತೆಗೂ ಬ್ರೆಡ್ಡು ತಿನ್ನುವವನು. ಶಾವಿಗೆಯ ಜೊತೆಗೂ ತಿನ್ನುತ್ತಿದ್ದ. ಒಮ್ಮೆ ಯಾರದೋ ಹುಟ್ಟುಹಬ್ಬದಲ್ಲಿ ಕೇಕಿನ ಜೊತೆಗೆ ಬ್ರೆಡ್ಡು ತಿಂದದ್ದನ್ನು ಊರು ಇನ್ನೂ ಮರೆತಿರಲಿಲ್ಲ. ಅಂಥವನಿಗೆ ಈಗ ಬೀದಿಯ ಬೇಕರಿಯ ಮುಂದೆ ಹಾದುಹೋಗುವುದೆಂದರೆ ಹಳೆಯ ಪ್ರೇಯಸಿಯ ಮನೆಯ ಮುಂದೆ ಹೋದಂತೆ ಎದೆ ಹಿಂಡುತ್ತಿತ್ತು. ಗೊರ್ದಾನಾ ಮಾತ್ರ ತಾನೂ ಅದೇ ಪುಡಿ ಕುಡಿದು, ಒಂದು ಚೂರೂ ಕದಿಯದೆ, ಸದಾ ನಗುನಗುತ್ತಾ ಇದ್ದಳು. ಅವಳು ಗೊಣಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೊನೆಗೆ ಅವನು ಗೋಗರೆದದ್ದಕ್ಕೆ ಅವಳು ಒಂದು ಒಪ್ಪಂದಕ್ಕೆ ಬಂದಳು. ನಿಕೋಲ್ದಾನ್, ಅಂದರೆ ಸಂತ ನಿಕೋಲನ ಹಬ್ಬದ ಸಂಜೆ ಅವನು ತೂಕದ ಯಂತ್ರದ ಮೇಲೆ ನಿಲ್ಲಬೇಕು. ಮುಳ್ಳು ನೂರು ಕಿಲೋದ ಎಡಕ್ಕೆ ನಿಂತರೆ ಡಬ್ಬಿ ಕಸದ ಬುಟ್ಟಿಗೆ, ಮನೆಗೆ ಬ್ರೆಡ್ಡು ವಾಪಸ್. ಬಲಕ್ಕೆ ನಿಂತರೆ ಈಸ್ಟರ್ ತನಕ ಪುಡಿಯೇ ಗತಿ.

ಅವಳು ಆ ದಿನವನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಸಂತ ನಿಕೋಲ ಚುಪ್ರಿಯಾ ಊರಿನ ಎಷ್ಟೋ ಮನೆತನಗಳಿಗೆ ಮನೆದೇವರು. ಅವತ್ತು ಯಾರ ಮನೆಯ ಬಾಗಿಲು ತಟ್ಟಿದರೂ ಮೇಣದಬತ್ತಿ ಉರಿಯುತ್ತಿರುತ್ತದೆ, ಮೇಜು ತುಂಬಿರುತ್ತದೆ. ಮನೆದೇವರ ಈ ಹಬ್ಬಕ್ಕೆ, ಅಂದರೆ ಸ್ಲಾವಾಕ್ಕೆ, ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ಬರುತ್ತಾರೆ, ಬರದಿದ್ದರೆ ವರ್ಷವಿಡೀ ಅದೇ ಮಾತು. ಬಂದವರು ತಿನ್ನದೆ ಹೋದರಂತೂ ಎರಡು ವರ್ಷ. ಅಂಥ ದಿನ ಬಾಯಿ ಕಟ್ಟಿದವನು ಯಾವತ್ತು ಬೇಕಾದರೂ ಕಟ್ಟಬಲ್ಲ ಎಂದು ಗೊರ್ದಾನಾಳ ಲೆಕ್ಕ.

ಹಬ್ಬದ ಬೆಳಿಗ್ಗೆ ಮಿಲೂತಿನ್ ಕದ್ದು ಯಂತ್ರದ ಮೇಲೆ ನಿಂತ. ಮುಳ್ಳು ಒಂದಿಷ್ಟು ತೂಗಾಡಿ ನೂರರ ಗೆರೆಯ ಹತ್ತಿರ ಬಂತು, ಯೋಚಿಸಿತು, ಆಮೇಲೆ ಕೂದಲೆಳೆಯಷ್ಟು ಎಡಕ್ಕೆ ವಾಲಿತು. ಅವನು ಉಸಿರು ಬಿಗಿಹಿಡಿದು ಕೆಳಗಿಳಿದ. ಇನ್ನು ಸಂಜೆಯವರೆಗೆ ಬಾಯಿಗೆ ಬೀಗ ಹಾಕಿಕೊಂಡರೆ ಸಾಕು. ಜೀವಮಾನದಲ್ಲೇ ಮೊದಲ ಬಾರಿಗೆ ಅವನು ಹಬ್ಬದ ದಿನ ಉಪವಾಸ ಇರಲು ತವಕಪಡುತ್ತಿದ್ದ.

ಅವನಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಪಕ್ಕದ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವವನು ತಿಹೊಮಿರ್. ಅವನ ಮನೆಯಲ್ಲೂ ಇವತ್ತು ಹಬ್ಬ. ಮಧ್ಯಾಹ್ನ ರಜೆ ಹಾಕಿದ್ದರೂ ಬೆಳಗಿನ ಪಾಳಿಗೆ ಬಂದಿದ್ದ, ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಒಂದು ಬಟ್ಟಲು ಜೀತೊ, ಅಂದರೆ ಬೇಯಿಸಿ ಅರೆದ ಗೋಧಿಗೆ ಸಕ್ಕರೆ, ಅಕ್ರೋಟು ಕಲಸಿದ್ದು; ಒಂದು ತಟ್ಟೆ ಅಕ್ರೋಟಿನ ಸುರುಳಿ ಕೇಕು; ಬಗಲಲ್ಲಿ ಒಂದು ಸೀಸೆ ರಾಕಿಯಾ, ಅಂದರೆ ಪ್ಲಮ್ಮಿನ ಸಾರಾಯಿ.

ಜೀತೊ ಬೇಡ ಅನ್ನುವಂತಿಲ್ಲ. ಅದು ಸಂತನ ಪಾಲು, ಮನೆತನದ ಸತ್ತವರ ಪಾಲು. ಮಿಲೂತಿನ್ ಶಿಲುಬೆಯ ಗುರುತು ಹಾಕಿಕೊಂಡು, "ಸ್ಲಾವಾ ಶುಭವಾಗಲಿ" ಎಂದು, ಚಮಚದ ತುದಿಯಲ್ಲಿ ಗುಬ್ಬಚ್ಚಿಗೆ ಸಾಲುವಷ್ಟು ಎತ್ತಿಕೊಂಡ. ರಾಕಿಯಾವನ್ನೂ ಕುಡಿದ. ಅದರ ವಿಷಯದಲ್ಲಿ ಗೊರ್ದಾನಾ ಏನೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ತೊಂದರೆ ಶುರುವಾದದ್ದು ಕೇಕಿನ ತಟ್ಟೆ ಮುಂದೆ ಬಂದಾಗ.

ತಾನು ಡಯಟ್ ಮಾಡುತ್ತಿದ್ದೇನೆ ಎಂದು ಮಿಲೂತಿನ್ ಮೊದಲು ನಿಜವನ್ನೇ ಹೇಳಿದ. ತಿಹೊಮಿರನಿಗೆ ನಗು ತಡೆಯಲಾಗಲಿಲ್ಲ. ಡಯಟ್ಟು ಬೇಸಿಗೆಗೆ ಮುಂಚೆ ಹುಡುಗಿಯರು ಮಾಡುವುದು, ಅದೂ ಎರಡು ದಿನ ಎಂದ. ಆಮೇಲೆ ಅವನ ಮುಖ ನಿಧಾನವಾಗಿ ಗಂಟಿಕ್ಕಿತು.

"ನನ್ನ ಹೆಂಡತಿ ನಸುಕಿನಲ್ಲೇ ಎದ್ದು ಮಾಡಿದಾಳೆ ಕಣೋ. ಬೇಡ ಅಂದ್ರೆ ಬೇಡ ಅನ್ನು. ಡಯಟ್ಟು ಗಿಯಟ್ಟು ಅಂತ ಕತೆ ಕಟ್ಟಬೇಡ."

ಅವನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ ರೀತಿ ನೋಡಿ ಮಿಲೂತಿನನಿಗೆ ಕಸಿವಿಸಿಯಾಯಿತು. ಎಷ್ಟೋ ವರ್ಷ ಪಕ್ಕದಲ್ಲಿ ಕೂತವನು. ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಹಾಗಲ್ಲ ತಿಹೊಮಿರ್. ಹೊಟ್ಟೇಲಿ ಏನೋ ಸರಿ ಇಲ್ಲ. ಹಿಟ್ಟಿನ ಪದಾರ್ಥ ಮುಟ್ಟಲೇಬೇಡ ಅಂದಿದಾರೆ ಡಾಕ್ಟರು."

ಮಂತ್ರ ಹಾಕಿದ ಹಾಗಾಯಿತು. ತಿಹೊಮಿರನ ಮುಖದ ಗಂಟು ಬಿಚ್ಚಿತು. ಅವನು ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ, ಮೊದಲೇ ಹೇಳಬಾರದಿತ್ತೇನೋ ಎಂದು ಭುಜ ತಟ್ಟಿದ. ಡಾಕ್ಟರು ಅನ್ನುವ ಒಂದು ಮಾತಿಗೆ ಇಷ್ಟು ಶಕ್ತಿ ಇದೆಯೆಂದು ಮಿಲೂತಿನನಿಗೆ ಗೊತ್ತಿರಲಿಲ್ಲ. ಇವತ್ತಿನ ದಿನ ದಾಟುವುದಕ್ಕೆ ದೋಣಿ ಸಿಕ್ಕಿತು ಎಂದುಕೊಂಡ.

ಆಗ ಹೊರಗಿನಿಂದ ಬಸ್ಸಿನ ಚಾಲಕನೊಬ್ಬ ಕಿಟಕಿಯ ಗಾಜು ಬಡಿದು ಮೈಕಿನ ಕಡೆ ಬೆರಳು ತೋರಿಸಿದ. ಯಾಗೊದಿನಾ ಊರಿಗೆ ಹೋಗುವ ಬಸ್ಸನ್ನು ಕೂಗಿದ ಮೇಲೆ ತಿಹೊಮಿರ್ ಮೈಕು ಆರಿಸಿರಲಿಲ್ಲ. ಮಿಲೂತಿನನ ಹೊಟ್ಟೆಯ ಸಂಗತಿ ಮೂರು ಪ್ಲಾಟ್‌ಫಾರಂಗಳಿಗೂ ಸ್ಪಷ್ಟವಾಗಿ ಕೇಳಿಸಿತ್ತು. ಸಾಲಿನಲ್ಲಿ ಮುಂದಿದ್ದ ಮುದುಕಿ ಟಿಕೆಟ್ ತೆಗೆದುಕೊಳ್ಳುವಾಗ ಅವನ ಕೈ ಒತ್ತಿ, ದೇವರಿದ್ದಾನೆ ಮಗಾ ಎಂದು ಹೇಳಿ ಹೋದಳು.

ಮಧ್ಯಾಹ್ನ ಪಾಳಿ ಮುಗಿಸಿ, ಸೂಟು ಹಾಕಿಕೊಂಡು ಓಬ್ರೆನನ ಮನೆಯ ಹಬ್ಬಕ್ಕೆ ಹೋಗಬೇಕಿತ್ತು. ಗೊರ್ದಾನಾ ಅಂಗಡಿ ಮುಚ್ಚಿ ಆಮೇಲೆ ನೇರ ಅಲ್ಲಿಗೇ ಬರುತ್ತೇನೆ ಎಂದಿದ್ದಳು. ಮಿಲೂತಿನ್ ತನ್ನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆಯಿತು. ರೂಜತ್ತೆ ನಿಂತಿದ್ದಳು. ಹಬ್ಬಕ್ಕೆ ಹೊರಡಲು ಒಳ್ಳೆಯ ಸ್ಕರ್ಟು ಉಟ್ಟು, ತಲೆಗೆ ಮಾತ್ರ ಇನ್ನೂ ಸ್ಕಾರ್ಫು ಕಟ್ಟಿದ್ದಳು. ಅವಳ ತಂಗಿಯ ಮಗ ಯಾಗೊದಿನಾ ಬಸ್ಸಿನ ಚಾಲಕ.

ಅವಳು ಅವನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಬೆಳಕಿಗೆ ನಿಲ್ಲಿಸಿದಳು. ಅಂಗಿಯ ಕಾಲರಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಬೆಲ್ಟಿಗೆ ಹೊಸದಾಗಿ ಕೊರೆದ ತೂತನ್ನು ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಕೂತುಬಿಟ್ಟಳು. ಟಿಕೆಟ್ ಕಿಟಕಿಯ ಆ ಕಿಂಡಿಯಿಂದ ಬರುವ ಎದುರುಗಾಳಿ ಒಳ್ಳೆಯದಲ್ಲ ಎಂದು ತಾನು ಮೊದಲಿನಿಂದ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದಳು. ರೂಜತ್ತೆಯ ಪ್ರಕಾರ ಜಗತ್ತಿನ ರೋಗಗಳೆಲ್ಲ ಎರಡು ಕಿಟಕಿಗಳ ನಡುವಿನ ಗಾಳಿಯಿಂದ ಬರುವಂಥವು.

"ಡಾಕ್ಟರು ಏನಂದ್ರು, ನಂಗೆ ನಿಜ ಹೇಳು."

ಮಿಲೂತಿನ್ ತೂಕದ ಯಂತ್ರವನ್ನು ನೆನೆಸಿಕೊಂಡು, ಸುಳ್ಳಿಗೆ ಸ್ವಲ್ಪ ನಿಜ ಬೆರೆಸೋಣ ಎಂದುಕೊಂಡ.

"ಸಂಜೆ ಗೊತ್ತಾಗುತ್ತೆ ರೂಜತ್ತೆ. ಈ ಕಡೆನೋ ಆ ಕಡೆನೋ ಅಂತ ಇವತ್ತು ಸಂಜೆ ಗೊತ್ತಾಗಿಬಿಡುತ್ತೆ."

ರೂಜತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಗೋಗಾಗೆ ಗೊತ್ತಾ?"

ಮನೆಯಲ್ಲಿ ಗೊರ್ದಾನಾಳನ್ನು ಗೋಗಾ ಎಂದೇ ಕರೆಯುವುದು. ಅವಳ ಹೆಸರು ಬಂದದ್ದೇ ಮಿಲೂತಿನನಿಗೆ ದಿಗಿಲಾಯಿತು. ಇಲ್ಲದ ಡಾಕ್ಟರನ್ನು ಹುಟ್ಟಿಸಿದ್ದು ಅವಳಿಗೆ ತಿಳಿದರೆ, ಮುಳ್ಳು ಎಡಕ್ಕೆ ನಿಂತರೂ ಅವಳು ಒಪ್ಪಂದ ಮುರಿದಾಳು.

"ಗೋಗಾಗೆ ಮಾತ್ರ ಏನೂ ಹೇಳಬೇಡಿ ರೂಜತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

ತನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗುವುದಿಲ್ಲ ಎಂದು ರೂಜತ್ತೆ ಕಣ್ಣೊರೆಸಿಕೊಂಡು ಮಾತು ಕೊಟ್ಟಳು. ಆಮೇಲೆ ಚೀಲ ಎತ್ತಿಕೊಂಡು, ಹಬ್ಬಕ್ಕೆ ತಲೆ ಸುರುಳಿ ಮಾಡಿಸಿಕೊಳ್ಳಬೇಕು, ಹೊತ್ತಾಯಿತು ಎಂದು ಹೊರಟಳು. ಚುಪ್ರಿಯಾದಲ್ಲಿ ರೂಜತ್ತೆ ತಲೆ ಕೊಡುವುದು ಒಂದೇ ಅಂಗಡಿಯಲ್ಲಿ ಎಂಬುದು ಮಿಲೂತಿನನಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಓಬ್ರೆನ್ ಅವನಿಗೆ ಕೂಮ್ ಆಗಬೇಕು. ಮಿಲೂತಿನನ ಮದುವೆಯಲ್ಲಿ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತವನು. ಒಡಹುಟ್ಟಿದವರ ಜೊತೆ ಜಗಳ ಆಡಬಹುದು, ಮಾತು ಬಿಡಬಹುದು. ಕೂಮ್ ಜೊತೆ ಆ ಸಲುಗೆ ಇಲ್ಲ. ಅವನ ಮನೆಯ ಸ್ಲಾವಾ ಮೇಜಿನ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಮಿಲೂತಿನನಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ.

ಕೋಣೆಯಲ್ಲಿ ಎತ್ತರದ ಮೇಣದಬತ್ತಿ ಉರಿಯುತ್ತಿತ್ತು. ಪಾದ್ರಿ ಆಗಲೇ ಬಂದು ಹಬ್ಬದ ಬ್ರೆಡ್ಡಿಗೆ ವೈನ್ ಹನಿಸಿ, ಓಬ್ರೆನನ ಜೊತೆ ಹಿಡಿದು ತಿರುಗಿಸಿ ಮುರಿದು, ಈಗ ಮೇಜಿನ ತುದಿಯಲ್ಲಿ ಕೂತು ಮೀನಿನ ಸೂಪು ಕುಡಿಯುತ್ತಿದ್ದ. ಹಬ್ಬದ ಮನೆಯ ಯಜಮಾನ ಅವತ್ತು ಕೂರುವಂತಿಲ್ಲ. ಓಬ್ರೆನ್ ತೋಳಿನ ಮೇಲೆ ಬಟ್ಟೆ ಹಾಕಿಕೊಂಡು ನಿಂತೇ ಎಲ್ಲರಿಗೂ ಬಡಿಸುತ್ತಿದ್ದ. ಅವನ ಹೆಂಡತಿ ಯೆಲ್ಕಾ ಅಡಿಗೆಮನೆಗೂ ಮೇಜಿಗೂ ಓಡಾಡುತ್ತಿದ್ದಳು.

ಈ ಹಬ್ಬ ಕ್ರಿಸ್ಮಸ್ಸಿನ ಮುಂಚಿನ ಉಪವಾಸದ ದಿನಗಳಲ್ಲಿ ಬರುತ್ತದೆ. ಹಾಗಾಗಿ ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಚೀಸು ಯಾವುದೂ ಇಲ್ಲ. ಇದ್ದದ್ದು ಈರುಳ್ಳಿ ಹಾಕಿ ಬೇಯಿಸಿದ ಬಿಳಿ ಬೀನ್ಸ್, ಅಕ್ಕಿ ತುಂಬಿದ ಎಲೆಕೋಸಿನ ಸುರುಳಿ, ಆಲೂಗಡ್ಡೆಯ ಸಲಾಡು, ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು, ಸಾಲು ಸಾಲು ಕೇಕು, ಬುಟ್ಟಿಯ ತುಂಬ ಬಿಸಿ ಬ್ರೆಡ್ಡು. ಮಿಲೂತಿನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಗಾ ತಿನ್ನು ಅಂದದ್ದನ್ನೆಲ್ಲ ದೇವರು ಬೇಡ ಅಂದಿದ್ದ. ದೇವರು ತಿನ್ನು ಅಂದದ್ದನ್ನೆಲ್ಲ ಗೋಗಾ ಬೇಡ ಅಂದಿದ್ದಳು. ಇಬ್ಬರೂ ಒಪ್ಪಿದ್ದು ಉಪ್ಪು ಹಾಕಿದ ಎಲೆಕೋಸು ಮತ್ತು ರಾಕಿಯಾ ಮಾತ್ರ.

ಅವನು ಎಲೆಕೋಸನ್ನು ತಟ್ಟೆಗೆ ಹಾಕಿಕೊಂಡ. ಯೆಲ್ಕಾ ಬೀನ್ಸಿನ ಪಾತ್ರೆ ಹಿಡಿದು ಬಂದಳು. ಬೇಡ ಎಂದ. ಅವಳು ಒಂದೇ ಚಮಚ ಎಂದಳು. ಬೇಡ ಎಂದ. ಅವಳು ನಕ್ಕು, ಕೂಮ್ ಯಾವಾಗಿಂದ ಇಷ್ಟು ನಾಚಿಕೆ ಕಲಿತದ್ದು ಎಂದು ಚಮಚ ತುಂಬಿಸಿದಳು. ಆಗ ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟ. ಅಂಗೈ ಅಡ್ಡ ಇಡುವುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಪಾದ್ರಿ ಕೂಡ ಚಮಚ ಕೆಳಗಿಟ್ಟ.

"ಅಡಿಗೆ ಕೆಟ್ಟಿದೆಯಾ ಕೂಮ್?" ಎಂದು ಓಬ್ರೆನ್ ಮೆಲ್ಲಗೆ ಕೇಳಿದ.

ಬೇರೆ ದಾರಿ ಇರಲಿಲ್ಲ. ಮಿಲೂತಿನ್ ತಲೆ ತಗ್ಗಿಸಿ ಅದೇ ಹೊಟ್ಟೆ, ಅದೇ ಡಾಕ್ಟರು, ಅದೇ ಹಿಟ್ಟಿನ ಸಂಗತಿ ಹೇಳಿದ. ಇಲ್ಲಿ ಯಾರೂ ಭುಜ ತಟ್ಟಿ ಸುಮ್ಮನಾಗಲಿಲ್ಲ. ಓಬ್ರೆನ್ ಅವನ ಸಡಿಲವಾದ ಕೋಟನ್ನು ನೋಡಿದ, ಜೋತುಬಿದ್ದ ಕಾಲರನ್ನು ನೋಡಿದ. ಮದುವೆಯಲ್ಲಿ ಗುಂಡಿ ಹಾರಿಸಿದವನು ಇವನೇನಾ ಅನ್ನುವ ಹಾಗೆ ನೋಡಿದ. ಬೀನ್ಸಿನ ಪಾತ್ರೆಯನ್ನು ಹೆಂಡತಿಯ ಕೈಯಿಂದ ತೆಗೆದು ಅತ್ತ ಇಟ್ಟು, ಒಳಗೆ ಹೋಗಿ, ಮಗಳು ಹುಟ್ಟಿದಾಗ ತೆಗೆದಿಟ್ಟ ಹಳೆಯ ರಾಕಿಯಾದಲ್ಲಿ ಉಳಿದಿದ್ದನ್ನು ತಂದು ಅವನಿಗೆ ಬಗ್ಗಿಸಿದ. ನಾಳೆ ಬೆಳಿಗ್ಗೆ ತಾನೇ ಕಾರು ತೆಗೆದುಕೊಂಡು ಬೆಲ್‌ಗ್ರೇಡಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಖರ್ಚಿನ ಮಾತು ಯಾರೂ ಎತ್ತಕೂಡದು ಎಂದ.

ಮಿಲೂತಿನನಿಗೆ ಆ ಕ್ಷಣ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳುವುದಾದರೂ ಏನನ್ನು? ಕೂಮ್, ನಿನ್ನ ಮನೆದೇವರ ಮುಂದೆ ನಿನ್ನ ಅನ್ನ ಬೇಡ ಅಂದದ್ದು ನನ್ನ ಬಚ್ಚಲಮನೆಯ ತೂಕದ ಯಂತ್ರಕ್ಕಾಗಿ ಎಂದೆ? ರೋಗಿಷ್ಠ ಕೂಮ್ ಅನ್ನು ಓಬ್ರೆನ್ ಹೊತ್ತುಕೊಂಡು ತಿರುಗಿಯಾನು, ಅಂಥ ಕೂಮ್ ಅನ್ನು ಮನೆಯೊಳಗೆ ಸೇರಿಸನು. ಮಿಲೂತಿನ್ ತೆರೆದ ಬಾಯಿಗೆ ರಾಕಿಯಾ ಸುರಿದುಕೊಂಡು, ಸ್ವಲ್ಪ ಮಲಗಬೇಕು ಅನ್ನಿಸುತ್ತಿದೆ, ಗೋಗಾ ಬಂದರೆ ಮನೆಯಲ್ಲಿದ್ದೇನೆ ಅನ್ನಿ, ಬೇರೇನೂ ಹೇಳಬೇಡಿ ಎಂದು ಎದ್ದ.

ಓಬ್ರೆನ್ ಬಾಗಿಲ ತನಕ ಬಂದ. ಹಬ್ಬದ ಬ್ರೆಡ್ಡಿನ ಒಂದು ತುಂಡನ್ನು, ಮೇಲೆ ಹಿಟ್ಟಿನಲ್ಲಿ ಮಾಡಿದ ಪುಟ್ಟ ಪಾರಿವಾಳ ಇದ್ದ ತುಂಡನ್ನೇ ಆರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಅವನ ಜೇಬಿಗೆ ಹಾಕಿದ.

"ಡಾಕ್ಟರು ಯಾವತ್ತು ಹೂಂ ಅಂತಾರೋ ಅವತ್ತು ತಿನ್ನು," ಎಂದ.

ಮಿಲೂತಿನ್ ಮನೆಗೆ ನೇರ ಹೋಗಲಿಲ್ಲ. ಕುಡಿದ ರಾಕಿಯಾ ಮುಳ್ಳನ್ನು ಬಲಕ್ಕೆ ತಳ್ಳಿದರೆ ಎಂಬ ಹೆದರಿಕೆಯಿಂದ ಮೊರಾವಾ ನದಿಯ ದಂಡೆಯ ಮೇಲೆ ಸೇತುವೆಯ ತನಕ ನಡೆದು ವಾಪಸ್ ಬಂದ. ಜೇಬಿನಲ್ಲಿ ಬ್ರೆಡ್ಡು ಬೆಚ್ಚಗಿತ್ತು. ದಾರಿಯುದ್ದಕ್ಕೂ ಅದರ ಪರಿಮಳ ಮೂಗಿಗೆ ಬರುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಇನ್ನೊಂದು ಗಳಿಗೆ ತಡೆದರೆ ಬ್ರೆಡ್ಡಿಗೂ ತನಗೂ ನಡುವೆ ಯಾರೂ ಇರುವುದಿಲ್ಲ. ಓಬ್ರೆನನಿಗೆ ನಾಳೆ ಫೋನು ಮಾಡಿ, ಡಾಕ್ಟರಿಂದ ಒಳ್ಳೆಯ ಸುದ್ದಿ ಬಂತು ಎಂದರೆ ಎಲ್ಲವೂ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಮನೆಗೆ ಬಂದು ಬಟ್ಟೆಯ ಗಂಟನ್ನು ಅಡಿಗೆಮನೆಯ ಮೇಜಿನ ನಟ್ಟನಡುವೆ ಇಟ್ಟ. ತೂಕದ ಯಂತ್ರವನ್ನು ತಂದು ಅದರ ಪಕ್ಕದಲ್ಲೇ ನೆಲದ ಮೇಲಿಟ್ಟ. ಕತ್ತಲಾಗುವ ಹೊತ್ತಿಗೆ ಗೊರ್ದಾನಾ ಬಂದಳು.

ಅವಳ ಕಣ್ಣು ಕೆಂಪಗಿತ್ತು. ಸುಳ್ಳು ತಿಳಿದುಹೋಗಿದೆ, ಇನ್ನು ಕೂಗಾಟ ಎಂದುಕೊಂಡ ಮಿಲೂತಿನ್. ಅವಳು ಕೂಗಲಿಲ್ಲ. ಕೋಟು ಕೂಡ ತೆಗೆಯದೆ ಹತ್ತಿರ ಬಂದು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾ ನಿಂತಳು. ಅವಳ ಬೆರಳಿಗೆ ಶಾಂಪೂವಿನ ವಾಸನೆ ಇತ್ತು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವಳು ತನ್ನನ್ನು ಹೀಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಆಗಲೇ ಎಲ್ಲ ಹೇಳಿಬಿಡಬೇಕಿತ್ತು. ಆದರೆ ಬ್ರೆಡ್ಡು ಅಲ್ಲೇ, ಕೈಗೆಟುಕುವಷ್ಟು ದೂರದಲ್ಲಿತ್ತು.

"ಗೋಗಾ, ತೂಕ," ಎಂದ.

"ತೂಕ ಕಟ್ಕೊಂಡು ಏನಾಗಬೇಕು ಮಾರಾಯ. ಬಿಡು."

"ಮಾತು ಅಂದ್ರೆ ಮಾತು. ನೀನೇ ಹೇಳಿದ್ದು."

ಅವನು ಬೂಟು ಬಿಚ್ಚಿ, ಕೋಟು ಬಿಚ್ಚಿ, ಗಡಿಯಾರವನ್ನೂ ಬಿಚ್ಚಿಟ್ಟು ಯಂತ್ರದ ಮೇಲೆ ನಿಂತ. ಮುಳ್ಳು ತೂಗಾಡಿತು. ಗೆರೆಯ ಹತ್ತಿರ ಬಂತು, ದಾಟಿತು, ಎಡಕ್ಕೆ ಹೋಗಿ ನಿಂತಿತು. ಬೆಳಿಗ್ಗೆಗಿಂತಲೂ ಎಡಕ್ಕೆ. ಮಿಲೂತಿನ್ ಕೆಳಗಿಳಿದವನೇ ಪುಡಿಯ ಡಬ್ಬಿಯನ್ನು ಎತ್ತಿ, ಅಂಗಿ ಇಲ್ಲದ ಗಂಡಸನ್ನು ತಲೆಕೆಳಗು ಮಾಡಿ ಕಸದ ಬುಟ್ಟಿಗೆ ಹಾಕಿದ. ತಿರುಗಿ ನೋಡಿದರೆ ಗೊರ್ದಾನಾ ಮುಳ್ಳು ನಿಂತಿದ್ದ ಜಾಗವನ್ನೇ ದಿಟ್ಟಿಸುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಇಷ್ಟೊಂದು ಇಳಿದುಹೋಗಿದ್ದೀಯಲ್ಲೋ," ಎಂದಳು. "ನಾನು ಪುಡಿಯಿಂದ ಅಂದ್ಕೊಂಡು ಖುಷಿ ಪಡ್ತಾ ಇದ್ದೆ. ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು."

ಇನ್ನು ತಡೆಯಲಾಗಲಿಲ್ಲ. ಮಿಲೂತಿನ್ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಎದುರಿಗೆ ಮಂಡಿಯೂರಿ, ಸುರುಳಿ ಕೇಕಿನಿಂದ ಶುರುಮಾಡಿ ಕೊನೆಯ ತನಕ ಎಲ್ಲವನ್ನೂ ಹೇಳಿದ.

"ಡಾಕ್ಟರ ಹತ್ರ ಹೋಗೇ ಇಲ್ವಾ?"

"ಇಲ್ಲ."

"ಹೊಟ್ಟೇಲಿ ಏನೋ ಸರಿ ಇಲ್ಲ ಅಂದದ್ದು?"

"ಹಸಿವು ಕಣೆ. ಬರೀ ಹಸಿವು."

ಅವಳು ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಪಾತ್ರೆ ಒರೆಸುವ ಬಟ್ಟೆ ಎತ್ತಿಕೊಂಡು ಅವನ ತಲೆಗೆ, ಬೆನ್ನಿಗೆ, ಸಿಕ್ಕಲ್ಲೆಲ್ಲ ಬಾರಿಸಿದಳು. ಬಾರಿಸುತ್ತಾ ಬಾರಿಸುತ್ತಾ ಅಳು ನಿಂತು ನಗು ಬಂತು. ಇಬ್ಬರೂ ನಕ್ಕರು. ತನ್ನ ಜೀವದ ಮೇಲೆ ಇವಳಿಗೆ ಇಷ್ಟು ಆಸೆಯಿದೆಯಲ್ಲ ಎಂದು ಮಿಲೂತಿನನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಕೈ ಚಾಚಿ ಬಿಳಿ ಬಟ್ಟೆಯ ಗಂಟು ಬಿಚ್ಚಿದ. ಗೊರ್ದಾನಾ ಅವನ ಮಣಿಕಟ್ಟು ಹಿಡಿದಳು.

"ಅದು ಆಗಲ್ಲ ಮಿಲೂತಿನ್."

"ಯಾಕೆ? ಮುಳ್ಳು ನೋಡಿದೆಯಲ್ಲ."

"ಮುಳ್ಳಿನ ಮಾತಲ್ಲ. ನಾನು ಹರಕೆ ಹೊತ್ತಿದೀನಿ."

ಅವಳು ನಿಧಾನವಾಗಿ ಹೇಳಿದಳು. ರೂಜತ್ತೆ ತಲೆ ತೊಳೆಸಿಕೊಳ್ಳುತ್ತಾ ಕೂತವಳು ಹೇಳಲಾರೆ ಹೇಳಲಾರೆ ಅನ್ನುತ್ತಲೇ ಎಲ್ಲವನ್ನೂ ಹೇಳಿದ್ದಳು. ಗೊರ್ದಾನಾ ಶಾಲೆಯ ಮೇಡಮ್ಮಿನ ತಲೆಯನ್ನು ಅರ್ಧ ಕತ್ತರಿಸಿದ್ದು ಹಾಗೇ ಬಿಟ್ಟು ಓಬ್ರೆನನ ಮನೆಗೆ ಓಡಿದ್ದಳು, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ರೂಜತ್ತೆಯೂ ಹಿಂದೆಯೇ. ಮಿಲೂತಿನ್ ಆಗಷ್ಟೇ ಹೊರಟುಹೋಗಿದ್ದ. ಮೇಣದಬತ್ತಿ ಇನ್ನೂ ಉರಿಯುತ್ತಿತ್ತು. ಸಂತನ ಹಬ್ಬದ ದಿನ, ಸಂತನ ಚಿತ್ರದ ಮುಂದೆ ಹೊತ್ತ ಹರಕೆಗೆ ಇರುವ ಬಲ ಬೇರೆ ಯಾವುದಕ್ಕೂ ಇಲ್ಲ ಎಂದು ರೂಜತ್ತೆ ಹೇಳಿದಳು. ಗೊರ್ದಾನಾ ತಾನು ಕಾಫಿ ಬಿಡುತ್ತೇನೆ ಎಂದಳು. ಅದು ನಡೆಯುವುದಿಲ್ಲ ಎಂದಳು ರೂಜತ್ತೆ. ಹರಕೆ ರೋಗಿಯ ಕಡೆಯಿಂದ ಹೋಗಬೇಕು, ಅವನಿಗೆ ಅತಿ ಪ್ರಿಯವಾದದ್ದನ್ನೇ ಕೊಡಬೇಕು. ಅವನಿಗೆ ಅತಿ ಪ್ರಿಯವಾದದ್ದು ಯಾವುದು ಎಂದು ಯಾರೂ ಯೋಚಿಸಬೇಕಾಗಲಿಲ್ಲ. ಓಬ್ರೆನ್, ಯೆಲ್ಕಾ, ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೇ ಹೇಳಿದರು.

"ನನ್ನ ಗಂಡ ಆರೋಗ್ಯವಾಗಿ ಇದಾನೆ ಅಂತ ಸುದ್ದಿ ಬಂದರೆ, ಮುಂದಿನ ನಿಕೋಲ್ದಾನ್ ತನಕ ಅವನು ಬ್ರೆಡ್ಡು, ಹಿಟ್ಟಿನ ಯಾವ ಪದಾರ್ಥ, ಸಕ್ಕರೆ ಮುಟ್ಟಲ್ಲ ಅಂದೆ," ಎಂದಳು ಗೊರ್ದಾನಾ. "ಪಾದ್ರಿ ಆಮೆನ್ ಅಂದರು."

ಮಿಲೂತಿನ್ ಬ್ರೆಡ್ಡಿನ ಮೇಲಿನ ಪಾರಿವಾಳವನ್ನು ನೋಡಿದ. ತನಗೆ ಕಾಯಿಲೆಯೇ ಇರಲಿಲ್ಲ, ಆದ್ದರಿಂದ ಹರಕೆಯೂ ಇಲ್ಲ ಎಂದು ವಾದ ಹೂಡಿದ. ಕಾಯಿಲೆ ವಾಸಿಯಾದರೆ ಎಂದು ತಾನು ಹೇಳಿಲ್ಲ, ಆರೋಗ್ಯವಾಗಿದ್ದರೆ ಎಂದು ಹೇಳಿದ್ದು ಎಂದಳು ಅವಳು. ಆರೋಗ್ಯವಾಗಿ ಇದ್ದಾನೋ ಇಲ್ಲವೋ ಎಂದು ಅವನನ್ನೇ ಕೇಳಿದಳು. ಅವನು ಆರೋಗ್ಯವಾಗೇ ಇದ್ದ.

"ನಾನೇ ಹೋಗಿ ಓಬ್ರೆನ್‌ಗೆ ನಿಜ ಹೇಳ್ತೀನಿ. ಹ್ಯಾಗೆ ನಿಲ್ಲುತ್ತೆ ಹರಕೆ ನೋಡೋಣ."

"ಹೇಳು, ಹೋಗು," ಎಂದಳು ಗೊರ್ದಾನಾ. "ನಿನ್ನ ಸ್ಲಾವಾ ಮೇಜಿನ ಮುಂದೆ ತಟ್ಟೆಗೆ ಕೈ ಅಡ್ಡ ಇಟ್ಟಿದ್ದು ಬಚ್ಚಲಮನೆ ತಕ್ಕಡಿಗೋಸ್ಕರ ಅಂತ ಹೇಳು. ನಾಳೆ ಬೆಳಿಗ್ಗೆ ಕಾರು ತಗೊಂಡು ಬರ್ತಾನಲ್ಲ, ಆಗಲೇ ಹೇಳು."

ಮಿಲೂತಿನ್ ಎದ್ದವನು ಕೂತ. ಬಟ್ಟೆಯ ನಡುವೆ ಬ್ರೆಡ್ಡು ಬಿದ್ದಿತ್ತು. ಪಾದ್ರಿ ಹರಸಿದ ಬ್ರೆಡ್ಡು. ಕಸಕ್ಕೆ ಹಾಕುವಂತಿಲ್ಲ, ಹಕ್ಕಿಗೆ ಎಸೆಯುವಂತಿಲ್ಲ, ಒಂದು ಚೂರೂ ನೆಲಕ್ಕೆ ಬೀಳುವಂತಿಲ್ಲ. ಮನೆಯವರೇ ಯಾರಾದರೂ ತಿನ್ನಬೇಕು. ಇಬ್ಬರಿಗೂ ಅದು ಗೊತ್ತಿತ್ತು.

ಗೊರ್ದಾನಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೈ ತೊಳೆದು ಬಂದು ಕೂತು, ಪಾರಿವಾಳದ ತಲೆಯನ್ನು ಮೆಲ್ಲಗೆ ಮುರಿದು ಬಾಯಿಗೆ ಹಾಕಿಕೊಂಡಳು. ಅವಳು ಬ್ರೆಡ್ಡು ತಿನ್ನದೆ ಅವನಷ್ಟೇ ದಿನ ಕಳೆದಿದ್ದಳು, ಒಮ್ಮೆಯೂ ಗೊಣಗಿರಲಿಲ್ಲ. ಈಗ ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಗೋಗಾ," ಎಂದ ಮಿಲೂತಿನ್, "ನಿನ್ನ ಡಯಟ್ಟು?"

"ಡಯಟ್ಟು ಮುಗೀತಲ್ಲ," ಎಂದಳು ಅವಳು, ಬಾಯಿ ತುಂಬಿಕೊಂಡು. "ಗೆದ್ದಿದ್ದು ನೀನೇ."

ಅವಳು ರೆಕ್ಕೆ ತಿಂದಳು, ಬಾಲ ತಿಂದಳು, ಕೊನೆಗೆ ಬೆರಳು ಒದ್ದೆ ಮಾಡಿಕೊಂಡು ಬಟ್ಟೆಯ ಮೇಲಿನ ಚೂರುಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಯೆಲ್ಕಾಳ ಕೈಗುಣವೇ ಬೇರೆ, ನಾಳೆ ಬೇಕರಿಯಿಂದ ತನಗೊಂದು ಅರ್ಧ ಬ್ರೆಡ್ಡು ತರಬೇಕು ಎಂದಳು. ಮಿಲೂತಿನ್ ಎದ್ದು ಹೋಗಿ, ಕಸದ ಬುಟ್ಟಿಯಿಂದ ಡಬ್ಬಿಯನ್ನು ಮೇಲೆತ್ತಿ, ಅಂಗಿ ಇಲ್ಲದ ಗಂಡಸಿನ ಮುಖಕ್ಕೆ ಅಂಟಿದ್ದ ಮೊಟ್ಟೆಸಿಪ್ಪೆ ಒರೆಸಿ, ಲೋಟಕ್ಕೆ ಒಂದು ಚಮಚ ಪುಡಿ ಹಾಕಿ ಕುಲುಕತೊಡಗಿದ.